ಹನ್ನೊಂದನ್ನು ಅಳಿಸಲೇ?

ನಿಟ್ಟುವಳ್ಳಿಯ ನಮ್ಮ ಮನೆಗೆ ಕಂಪ್ಯೂಟರು ಒಂದೇ,
ಅದರೊಳಗೆ ಬಾಗಿಲು ಐದು.
ಮಾವನ ಬಾಗಿಲಿಗೆ ಹಳೆಯ ಲೂನಾದ ನಂಬರೇ ಬೀಗ,
ಬೀದಿಗೆಲ್ಲ ಗೊತ್ತು.
ಭಾವನ ಮಗಳು ಸಿಂಚನಾಳ ಬೀಗ
ದೇವರಿಗೂ ಗೊತ್ತಿಲ್ಲ.

ಮಂಡಿಪೇಟೆಯಲ್ಲಿ ಒಂದು ಮೆಟ್ಟಿಲ ಕೆಳಗೆ
ಇಪ್ಪತ್ತೆರಡು ವರ್ಷ ಕ್ಯಾಸೆಟ್ಟು ತುಂಬಿಕೊಟ್ಟವರು
ಮಾವ ಕೊಟ್ರಬಸಪ್ಪ.
ಅಂಗಡಿ ಮುಚ್ಚಿದಾಗ ಮನೆಗೆ ಬಂದವು
ತುಂಬಿಸಲು ಹೇಳಿ ಒಯ್ಯಲು ಬಾರದವರ ಕ್ಯಾಸೆಟ್ಟುಗಳು,
ನಾಲ್ಕು ಗೋಣಿಚೀಲ.
ಒಂದೊಂದನ್ನೂ ಓಡಿಸಿ ಕಂಪ್ಯೂಟರಿಗೆ ಇಳಿಸಿದರು.
ಅರವತ್ತು ನಿಮಿಷದ್ದಕ್ಕೆ ಅರವತ್ತು ನಿಮಿಷವೇ ಬೇಕು,
ಅವಸರ ಮಾಡಿದರೆ ಹಾಡು ಕೋಳಿಮರಿಯಾಗುತ್ತದೆ.

ಇಳಿಸಿದ್ದೆಲ್ಲ ಮಾವನ ಬಾಗಿಲೊಳಗೆ.
ಬೇಕಾದವರು ಬೇಕಾದ್ದನ್ನು ಎತ್ತಿ
ತಮ್ಮ ತಮ್ಮ ಖಾತೆಗೆ ನಕಲು ಮಾಡಿಕೊಂಡೆವು,
ಒಂದು ಒಗ್ಗರಣೆಗೆ ಐದು ಸೌಟು ಎಣ್ಣೆ.
ಯುಗಾದಿಯ ಮರುದಿನ ಯಂತ್ರ ಅಂದಿತು: ಜಾಗ ಮುಗಿಯಿತು.

ನಾನು ಸಹಕಾರಿ ಬ್ಯಾಂಕಿನವಳು,
ಜಂಟಿ ಖಾತೆಯ ಕಷ್ಟಸುಖ ಬಲ್ಲವಳು.
ಎಲ್ಲ ಹಾಡನ್ನೂ ಒಂದೇ ಫೋಲ್ಡರಿಗೆ ಸಾಗಿಸಿ
ಐದೂ ಬಾಗಿಲಿಂದ ದಾರಿ ಬಿಟ್ಟೆ.
ಯಾರೂ ಕೇಳಬಹುದು.
ಮೆಚ್ಚಿದ್ದಕ್ಕೆ ಚುಕ್ಕಿ ಇಡಬಹುದು, ಅವರವರ ಚುಕ್ಕಿ ಅವರವರಿಗೆ.
ಅಳಿಸಲು ಮಾತ್ರ ನನ್ನನ್ನು ಕೇಳಬೇಕು.
ಬಂತಲ್ಲ ಬೀಗದ ಕೈ ಸೊಸೆಗೆ, ಅಂದರು ಅತ್ತೆ,
ಅವರೆಕಾಳು ಹಿಚುಕುತ್ತ.

ಅಳಿಸಬೇಡ ಅಂದಿದ್ದೆ, ಹೆಸರು ಬದಲಿಸಬೇಡ ಅಂದಿರಲಿಲ್ಲ.
ಒಂದು ಭಾನುವಾರ ಸಿಂಚನಾ
ಗೀತಾ ಟೈಲರ್ ಎರಡನೇ ಸೈಡು,
ಕುಂದುವಾಡ ಮೇಷ್ಟ್ರು ಬಾಕಿ ಎಂಟು ರೂಪಾಯಿ,
ಎಲ್ಲವನ್ನೂ ಒಂದು ತಂತ್ರಾಂಶದ ಬಾಯಿಗೆ ಕೊಟ್ಟಳು.
ಅದು ಮೌನ ಬಂದಲ್ಲೆಲ್ಲ ಕತ್ತರಿಸಿತು,
ಬಿಡಿ ಹಾಡು ಮಾಡಿ
ಚಿತ್ರ, ವರ್ಷ, ಗಾಯಕರ ಹೆಸರು ಅಂಟಿಸಿತು.
ಸಂಜೆ ಮಾವ ಟೈಲರಮ್ಮನನ್ನು ಹುಡುಕಿದರು.
ಇಲ್ಲ.
"ನನ್ನಂಗಡಿಗೆ ಯಾರೋ ಬೇರೆ ಬೋರ್ಡು ಹಾಕಿದಂಗಾತು"
ಅಂದವರೇ ಎದ್ದು ಹೋಗಿ
ಒಂದು ಪಾವು ಖಾರಮಂಡಕ್ಕಿ ಒಬ್ಬರೇ ತಿಂದರು.

ಹಾಗಾಗಿ ರಾತ್ರಿ ನಾನು ಕೂತೆ,
ಪಕ್ಕದಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ,
ಅದರ ತುಂಬ ಕ್ಯಾಸೆಟ್ಟಿನ ಚೀಟಿ.
ಹೊಸ ಹೆಸರಿನ ಕೆಳಗೆ ಹಳೆಯದನ್ನು ಸಣ್ಣಕ್ಕೆ ಬರೆಯುತ್ತ ಹೋದೆ.
ಮೂರನೇ ರಾತ್ರಿಯೋ ನಾಲ್ಕನೆಯದೋ, ಯಂತ್ರ ಕೇಳಿತು:
ಒಂದೇ ಹಾಡು, ಹನ್ನೆರಡು ಪ್ರತಿ.
ಹನ್ನೊಂದನ್ನು ಅಳಿಸಲೇ?

ನಿದ್ದೆಗಣ್ಣು. ಬೆರಳು ಹೌದಿನ ಮೇಲೇ ಇತ್ತು.
ಯಾಕೋ ಚೀಟಿ ನೋಡಿದೆ.
ನೀಲಿ ಇಂಕು, ಮಾವನ ಓರೆ ಅಕ್ಷರ:
ಹರಿಹರ, ಹಿಟ್ಟಿನ ಗಿರಣಿ ವೀರಭದ್ರಪ್ಪನವರ ಮಗಳು
ಸರ್ವಮಂಗಳ. ಎರಡೂ ಸೈಡು ಅದೇ.
ಮುಂಗಡ ಹತ್ತು. ಏಪ್ರಿಲ್ ಎಂಬತ್ತೊಂಬತ್ತು.

ನಮ್ಮವ್ವ.
ಅವಳ ಮದುವೆ ಆ ವರ್ಷದ ಮೇ ತಿಂಗಳು.

ಬೆಳಿಗ್ಗೆ ಚಹಾದ ಹೊತ್ತಿಗೆ ಮಾವನಿಗೆ ತೋರಿಸಿದೆ.
"ಓ, ಅದು ನಿಮ್ಮವ್ವನಾ!
ಒಂದೇ ಹಾಡು ಬೇಜಾರಾಗಲ್ವೇನವ್ವ ಅಂದೆ,
ಆಗ್ತೈತಾ ಅಂತ್ಲೇ ನೋಡಬೇಕಾಗೈತೆ ಅಂದ್ಳು.
ಆಮೇಲೆ ಬರಲೇ ಇಲ್ಲ."
ಚೀಟಿ ತಿರುಗಿಸಿ ಹಿಂದೆ ನೋಡಿದರು.
"ಹದಿನೈದು ರೂಪಾಯಿ ಬಾಕಿ."

ಅತ್ತೆ ಸಂತೆಗೆ ಹೋದಾಗ ಹನ್ನೆರಡನ್ನೂ ಕೇಳಿದೆ.
ನಕಲಲ್ಲ ಅವು.
ಆರನೆಯದೂ ಹನ್ನೆರಡನೆಯದೂ
ಟೇಪು ಮುಗಿದು
ಕೊನೆಯ ಸಾಲಿಲ್ಲದೆ ನಿಂತವು.
ಯಾವ ಹಾಡು ಎಂದು ಇಲ್ಲಿ ಬರೆಯುವುದಿಲ್ಲ.

ಆರನೇ ಬಾಗಿಲು ಕೊರೆದೆ.
ಮಲೇಬೆನ್ನೂರಿಗೆ ಫೋನು ಮಾಡಿದೆ,
ಹಿಂದೆ ಅಂಗನವಾಡಿಯ ಮಕ್ಕಳ ಗಲಾಟೆ.
ಅವ್ವ, ನಮ್ಮ ಕಂಪ್ಯೂಟರಿನಾಗೆ ನಿನಗೂ ಒಂದು ಖಾತೆ ಮಾಡೀನಿ,
ನಮ್ಮ ಮಾವನ ಅಂಗಡಿ ಹಾಡು ಅದಾವೆ, ಅಂದೆ.
ಯಾವ ಹಾಡು ಅಂತ ಕೇಳಲಿಲ್ಲ.
ಪಾಸ್‌ವರ್ಡ್ ಏನಿಡಲಿ?
ಯಾವುದೋ ಮಗುವಿಗೆ ಕೂತ್ಕೋ ಅಂದಳು.
ಇನ್ನೊಂದಕ್ಕೆ ಮೂಗು ಒರೆಸಿರಬೇಕು.
"ಅದನ್ನ ನಿನಗ್ಯಾಕೆ ಹೇಳ್ಲಿ," ಅಂದಳು,
"ಬಂದು ನಾನೇ ಒತ್ತತೀನಿ."