ಇನ್‌ಸ್ಟಾಲ್ ಮಾಡದೆ

ಪೈಸಾಂಡೂ ಊರಲ್ಲಿ ಜುಲೈ ಅಂದರೆ ಚಳಿ.
ನದಿಯ ಆಚೆ ದಡ ಅರ್ಜೆಂಟೀನಾ,
ಇವತ್ತು ಮಂಜಿನಲ್ಲಿ ಅದೂ ಇಲ್ಲ.
ಮುಚ್ಚಿದ ಶಾಲೆಯಿಂದ ಕಿಲೋ ಲೆಕ್ಕದಲ್ಲಿ ತಂದ ಲ್ಯಾಪ್‌ಟಾಪು
ಅಡುಗೆಮನೆಯ ಮೇಜಿನ ಮೇಲೆ, ಬ್ರೆಡ್ಡಿನ ಪುಡಿಯ ನಡುವೆ.
ಎಂಟು ಕೀಲಿ ಕಿತ್ತುಹೋಗಿವೆ. ಕೀಲು ಮುರಿದಿದೆ,
ಪರದೆ ಹಿಂದಕ್ಕೆ ಬೀಳದಂತೆ
ಸಕ್ಕರೆ ಡಬ್ಬಿಯ ಆಸರೆ.

ಪೆನ್‌ಡ್ರೈವ್ ಚುಚ್ಚುತ್ತೇನೆ. ಅದು ಕೇಳುತ್ತದೆ:
ಬರೀ ನೋಡುವೆಯಾ, ಇಲ್ಲಾ ಇನ್‌ಸ್ಟಾಲ್ ಮಾಡುವೆಯಾ?
ಬರೀ ನೋಡುತ್ತೇನೆ.

ಹಾಗೆ ನೋಡುವಾಗ ಡಿಸ್ಕಿನ ಮೇಲೆ ಒಂದಕ್ಷರ ಬೀಳುವುದಿಲ್ಲ.
ನನ್ನ ಮುಂದೆಯೇ ಕಣ್ಣು ಬಿಡುತ್ತದೆ, ಗಡಿಯಾರ ಸರಿಮಾಡಿಕೊಳ್ಳುತ್ತದೆ,
ಹೇಳಿಕೊಟ್ಟರೆ ಸ್ಪ್ಯಾನಿಷ್ ಕಲಿಯುತ್ತದೆ,
ಸಂಜೆ ಆರಿಸಿದರೆ ಎಲ್ಲ ನೀರ ಮೇಲಿನ ಬರಹ.
ಬೆಳಿಗ್ಗೆ ಮತ್ತೆ ಇಂಗ್ಲಿಷಿನಲ್ಲಿ ಸ್ವಾಗತ,
ನನ್ನನ್ನು ಯಾವತ್ತೂ ಕಂಡಿಲ್ಲದ ಹಾಗೆ.

ಎದುರಿಗೆ ಕೂತವನು ನನ್ನ ಸೋದರಮಾವ,
ವಾಶಿಂಗ್ಟನ್ ಬೆಂಟಾಂಕೋರ್.
ಈ ದೇಶದಲ್ಲಿ ಅಂಥ ಹೆಸರಿಡುತ್ತಾರೆ, ನಗಬೇಡಿ.
ಮೂವತ್ತೊಂದು ವರ್ಷ ಮರಳಿನ ದೋಣಿಯ ಚುಕ್ಕಾಣಿ ಹಿಡಿದವನು.
ನಾಲ್ಕು ವರ್ಷದ ಕೆಳಗೆ ಜ್ವರ ಮೆದುಳಿಗೆ ಏರಿತು.
ಆಮೇಲಿನದು ಯಾವುದೂ ನಿಲ್ಲುವುದಿಲ್ಲ.
ಹದಿನೈದು ನಿಮಿಷ, ಹೆಚ್ಚೆಂದರೆ
ಸೋರೆಬುರುಡೆಯ ಮಾಟೆ ಒಂದು ಸುತ್ತು ಮುಗಿಯುವಷ್ಟು ಹೊತ್ತು.

"ಏನೇ ಅದು, ನಾಹಿರ್?"
"ಫೆಡೋರಾ."
"ಟೋಪಿಯಾ?"
ಇವತ್ತಿಗೆ ಇದು ನಾಲ್ಕನೇ ಸಲ.
ಪ್ರತಿ ಸಲವೂ ಆ ಜೋಕು ಅವನಿಗೆ ಆಗಷ್ಟೇ ಹೊಳೆದದ್ದು,
ಮುಖ ಅರಳುತ್ತದೆ.
ನಕ್ಕೆ. ಮೂರನೇ ಸಲ ನಕ್ಕಿರಲಿಲ್ಲ,
ಅದು ನೆನಪಿರುವುದು ನನಗೊಬ್ಬಳಿಗೇ.

ಡೆಬಿಯನ್ ನೋಡಿದೆ. ಸ್ಲ್ಯಾಕ್‌ವೇರ್ ನೋಡಿದೆ,
ಅದು ಕಪ್ಪು ಪರದೆಯಿಂದ ನನ್ನನ್ನೇ ನೋಡುತ್ತ ಕೂತಿತು.
ಇನ್ನೊಂದು, ಹೊಸ ಅಗಸನಂತೆ ಎತ್ತೆತ್ತಿ ಒಗೆದು
ಹತ್ತು ನಿಮಿಷಕ್ಕೆ ಫ್ಯಾನು ಕಿರುಚಿಸಿ ಸುಸ್ತಾಯಿತು.

ರಾತ್ರಿ ನಿದ್ದೆ ಬರದೆ ಓದಿದೆ.
ನೆನಪು ಕಡತವಲ್ಲವಂತೆ.
ತೆಗೆದಾಗಲೆಲ್ಲ ಹಸಿಮಣ್ಣಿನಂತೆ ಮೆತ್ತಗಾಗುತ್ತದಂತೆ,
ಮತ್ತೆ ಗಟ್ಟಿಯಾಗುವಾಗ
ಆ ಹೊತ್ತಿನ ಬೆಳಕು, ಸೀದ ಈರುಳ್ಳಿಯ ವಾಸನೆ,
ಪಕ್ಕದ ಮನೆಯ ಜಗಳ, ಎಲ್ಲ ಅದರೊಳಗೆ.
ಹಾಗಾದರೆ ನಾನು ದಿನಾ ನೆನೆಯುವ ಅಮ್ಮ
ನಾನು ಮುಟ್ಟಿ ಮುಟ್ಟಿ ಸವೆಸಿದ ಅಮ್ಮ.
ಮಾವ ಹೇಳುವ ಪ್ರವಾಹದ ಕತೆಯಲ್ಲಿ
ನೀರು ಪ್ರತಿ ಸಲವೂ ಐದನೇ ಮೆಟ್ಟಿಲಿಗೇ ನಿಲ್ಲುತ್ತದೆ.
ನನ್ನದರಲ್ಲಿ ಅದು ಇನ್ನೂ ಏರುತ್ತಲೇ ಇದೆ.

ದಿನಾ ಅವನ ಕೈಗೆ ಕೊಡುತ್ತೇನೆ, ಹೆಸರು ಬರೆ ಅಂತ.
"ಈ ಯಂತ್ರ ಮುಟ್ಟುತ್ತಿರುವುದು ಇದೇ ಮೊದಲು"
ಅನ್ನುತ್ತಾನೆ ದಿನಾ, ದೋಣಿಯವನ ಮರ್ಯಾದೆಯಿಂದ.
ಅವನ ಹೆಸರಿನ ಮೊದಲೆರಡು ಕೀಲಿಯೂ ಇಲ್ಲ,
ಅಲ್ಲಿರುವುದು ರಬ್ಬರಿನ ಎರಡು ಮೊಳಕೆ,
ಉಗುರಿಂದ ಒತ್ತಿದರೆ ಮಾತ್ರ ಅಕ್ಷರ.
ಮೇ ತಿಂಗಳಲ್ಲಿ ಆ ತೂತುಗಳ ಮೇಲೆ
ಬೆರಳು ಕುರುಡನಂತೆ ತಡವರಿಸುತ್ತಿತ್ತು.
ಇವತ್ತು ಕಿಟಕಿಯ ಮಂಜು ನೋಡುತ್ತಲೇ
ಬೆರಳು ಮಡಿಸಿ, ಉಗುರು ಊರಿ, ಟಕ್ ಟಕ್.

"ಯಾರು ಹೇಳಿಕೊಟ್ಟರು ಮಾವ?"
"ಇದರಲ್ಲಿ ಕಲಿಯುವುದು ಏನಿದೆಯೇ?"
ಕೊಂಚ ಸಿಟ್ಟೇ ಬಂತು ಅವನಿಗೆ.

ಎಲ್ಲಿ ಬರೆದಿಟ್ಟಿತು ಅದು? ಯಾವ ಡಿಸ್ಕಿನ ಮೇಲೆ?
ಬರೀ ನೋಡುತ್ತೇನೆ ಅಂತ ತಾನೇ ನಾವು ಒತ್ತಿದ್ದು.

ಆರಿಸಿದೆ. ಪೆನ್‌ಡ್ರೈವ್ ಕೀಳಲು ನಾನು ಬಗ್ಗುವಷ್ಟರಲ್ಲಿ
ಅವನ ಎಡಗೈ ಪರದೆಯ ಬೆನ್ನಿಗೆ ಹೋಗಿ ಆನಿಸಿತು,
ಬಲಗೈ ಸಕ್ಕರೆ ಡಬ್ಬಿ ಸರಿಸಿತು,
ಮೆಲ್ಲಗೆ ಮುಚ್ಚಿದ. ಮುರಿದ ಕೀಲು ಸದ್ದು ಮಾಡಲಿಲ್ಲ.
ಯಾರೂ ಹೇಳಿರಲಿಲ್ಲ ಅವನಿಗೆ.

ಕೈಯಲ್ಲಿ ಉಳಿದ ಡಬ್ಬಿಯನ್ನು
ಸ್ವಲ್ಪ ಹೊತ್ತು ನೋಡಿದ, ಇದ್ಯಾಕೆ ಇಲ್ಲಿ ಅನ್ನುವಂತೆ.
"ಮಾಟೆ ಮಾಡಲೇನೇ?"
ಈಗ ತಾನೇ ಕುಡಿದಿದ್ದೆವು. ಬುರುಡೆ ಇನ್ನೂ ಬಿಸಿಯಿತ್ತು.
ಮಾಡು ಅಂದೆ.