ಗಿರಣಿ ನಿಂತಾಗ

ಬೆಲ್ಟು ತಿರುಗದೆ ಇರುವಾಗ
ಎಲ್ಲರಿಗೂ ಎಲ್ಲ ಗೊತ್ತು.
ಹಾಸನದ ಪೆನ್ಷನ್ ಮೊಹಲ್ಲಾದ ನನ್ನ ಗಿರಣಿ ಕಟ್ಟೆಯ ಮೇಲೆ
ಡಬ್ಬಿಗಳ ಸಾಲು, ಡಬ್ಬಿಗಳ ಹಿಂದೆ ಜನ.
ರಾಗಿಯ ಸರದಿ ಬರುವಷ್ಟರಲ್ಲಿ
ಸರ್ಕಾರ ಎರಡು ಸಲ ಬಿದ್ದಿರುತ್ತದೆ.

ಚಿನ್ನ ಇನ್ನೂ ಏರುತ್ತೆ, ಅನ್ನುತ್ತಾರೆ ದಾಕ್ಷಾಯಿಣಿ ಟೀಚರ್.
ಏರಿದ್ದು ಇಳಿಯಲೇಬೇಕು, ಅನ್ನುತ್ತಾನೆ
ಅಡುಗೆ ಕಂಟ್ರಾಕ್ಟರ್ ಸುಂದ್ರೇಶ.
ಅವನಿಗೆ ಮೂರು ಹೆಣ್ಣುಮಕ್ಕಳು,
ಇಳಿಯಲೇಬೇಕು.

ಟ್ಯಾಂಕಿನ ಮೇಲೆ ಹೀರೋ ಮುಖ ಅಂಟಿಸಿಕೊಂಡ ಹುಡುಗ
ಮೊದಲ ಶೋಗೆ ಐನೂರು ಕೊಟ್ಟೆ ಅಂತ ಎದೆಯುಬ್ಬಿಸುತ್ತಾನೆ.
ಗೋಧಿ ಬೀಸಲು ಕಿಲೋಗೆ ಆರು ರೂಪಾಯಿ ಅಂದರೆ
'ಏನಣ್ಣ, ಹಗಲುದರೋಡೆ!'

ಕಂಡಕ್ಟರ್ ಕೆಲಸ ಮುಗಿದು ಒಂಬತ್ತು ವರ್ಷ,
ಜವರಪ್ಪನವರು ಇನ್ನೂ ಎಲ್ಲರಿಗೂ ಟಿಕೆಟ್ ಹರಿಯುತ್ತಾರೆ:
ಇವನು ಕಳ್ಳ, ಅವನು ಕಳ್ಳನ ಭಾವಮೈದ,
ಹೆಂಗಸರಿಗೆ ಬಸ್ಸು ಫ್ರೀ ಮಾಡಿ ಇಲಾಖೆ ಮುಳುಗಿಸಿದರು.
(ಅವರ ಹೆಂಡತಿ ಆ ಬಸ್ಸಲ್ಲೇ ವಾರಕ್ಕೆರಡು ಸಲ
ಅರಕಲಗೂಡಿಗೆ, ತಂಗಿ ಮನೆಗೆ.)

ನನ್ನ ಅಭಿಪ್ರಾಯ ಯಾರೂ ಕೇಳುವುದಿಲ್ಲ.
ಕೇಳಿದರೂ ನನಗೆ ಕೇಳಿಸುವುದಿಲ್ಲ.
ಇಪ್ಪತ್ತಾರು ವರ್ಷದ ಕಲ್ಲಿನ ಸದ್ದು
ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಮುಕ್ಕಾಲು
ಬೀಸಿಬಿಟ್ಟಿದೆ.
ತುಟಿ ನೋಡಿ ಓದುತ್ತೇನೆ.
ತುಟಿಯ ಮೇಲೆ ಪ, ಬ, ಮ ಮೂರೂ ಒಂದೇ.
ಬರ ಅಂದರೋ, ಮರ ಅಂದರೋ, ಪರ ಅಂದರೋ,
ಮೂರಕ್ಕೂ ತಲೆಯಾಡಿಸುತ್ತೇನೆ.
ಹಾಗಾಗಿ ಎಲ್ಲ ಪಕ್ಷದವರಿಗೂ
ಗಿರಣಿ ಶಫೀಕ್ ನಮ್ಮೋನು.

ಬೆಲ್ಟು ತಿರುಗತೊಡಗಿದರೆ ಬೇರೆ.
ಆಗಲೂ ಬಾಯಿಗಳು ಆಡುತ್ತವೆ,
ಆದರೆ ಯಾರ ಕಡೆಗೂ ತಿರುಗಿರುವುದಿಲ್ಲ.
ಹಿಟ್ಟು ಸುರಿಯುವ ಬಟ್ಟೆಯ ಸೊಂಡಿಲನ್ನೇ ನೋಡುತ್ತ
ಏನೋ ಹೇಳಿಕೊಳ್ಳುತ್ತಾರೆ.
ಟೀಚರ್ ಒಮ್ಮೆ ಸಾಲ ಅಂದರು,
ಅಥವಾ ಸಾಲದು.
ಸುಂದ್ರೇಶ ಯಾರನ್ನೋ ಹೆಸರು ಹಿಡಿದು ಬಯ್ಯುತ್ತಾನೆ,
ಮ ದಿಂದ ಶುರು, ಇಲ್ಲಾ ಪ.

ಮೊನ್ನೆ ಗುರುವಾರ ಮೆಣಸಿನಕಾಯಿ.
ಖಾರದ ಕಲ್ಲು ಹತ್ತಿದರೆ ಸಾಕು
ಆಡಳಿತ, ವಿರೋಧ ಎಲ್ಲ ಒಟ್ಟಿಗೇ ಸೀನುತ್ತವೆ.
ಆ ಸೀನುಗಳ ನಡುವೆ ಕರೆಂಟು ಹೋಯಿತು.
(ಮನೆಗೆ ಪುಕ್ಕಟೆ, ಗಿರಣಿಗಿಲ್ಲ.
ಹೋಗುವಾಗ ಮಾತ್ರ ಇಬ್ಬರಿಗೂ ಸಮ.)
ಕಲ್ಲು ಗರಗರ ಎಳೆದು ನಿಂತಿತು.
ಜವರಪ್ಪನವರ ಬಾಯಿ ನಿಲ್ಲಲಿಲ್ಲ.
ಕಲ್ಲಿನ ಎತ್ತರಕ್ಕೆ ಏರಿಸಿದ್ದ ದನಿ
ಬರಿಗಾಳಿಯಲ್ಲಿ ಒಂಟಿಯಾಗಿ ಸಿಕ್ಕಿಬಿತ್ತು:
'ಪಟ್ಟೀಲಿ ನನ್ನ ಹೆಸರೇ ಇರ್ಲಿಲ್ಲ ಕಣಯ್ಯ!'

ನನ್ನ ಕಾಲು ಕಿವಿಗೂ ಕೇಳಿಸಿತು.

ಓಟಿನ ದಿನ ಇದೇ ಕಟ್ಟೆಯಲ್ಲಿ ನಿಂತು
ಬೆರಳೆತ್ತಿ ತೋರಿಸಿದ್ದರು,
ಓಟು ಹಾಕದವನು ಮನುಷ್ಯನೇ ಅಲ್ಲ ಅಂದಿದ್ದರು.
ನೀಲಿ ಕೊಂಚ ಜಾಸ್ತಿಯೇ ನೀಲಿ
ಅನ್ನಿಸಿತ್ತು ನನಗೆ ಆಗಲೇ.

ಯಾರೂ ನಗಲಿಲ್ಲ.
ಹುಡುಗ ಫೋನು ನೋಡಿದ.
ಸುಂದ್ರೇಶ ಡಬ್ಬಿಯ ಮುಚ್ಚಳ ತೆಗೆದು, ಮತ್ತೆ ಮುಚ್ಚಿದ.
ಟೀಚರ್ ಸೆರಗಲ್ಲಿ ಕಣ್ಣೊರೆಸಿಕೊಂಡರು, ಖಾರಕ್ಕೆ.
ಆಮೇಲೆ ಅವರೇ, ಪಾಠದ ದನಿಯಲ್ಲಿ:
'ನಮೂನೆ ಆರು ತುಂಬಬೇಕು. ಫೋಟೋ ಬೇಕಾಗುತ್ತೆ.'
ಜವರಪ್ಪನವರು ಚೀಲದ ದಾರ ಬಿಚ್ಚಿದರು, ಕಟ್ಟಿದರು.
'ಈ ಸರ್ಕಾರಕ್ಕೆ ಕರೆಂಟು ಕೊಡೋಕೂ ಬರಲ್ಲ'
ಅಂದರು ಮೆಲ್ಲಗೆ.
ಹೌದೌದು, ಅಂದರು ಎಲ್ಲರೂ,
ಆಳುವವರ ಕಡೆಯವರೂ.

ಕರೆಂಟು ಬಂದಾಗ ಐದೂಮುಕ್ಕಾಲು.
ಅವರ ಪುಡಿ ತೂಗಿದೆ,
ಎರಡು ಕಿಲೋಗೆ ಐವತ್ತು ಗ್ರಾಂ ಕಡಿಮೆ.
'ಸ್ವಲ್ಪ ಹಾರುತ್ತೆ' ಅಂದೆ.
ದುಡ್ಡು ಎಣಿಸಿಕೊಟ್ಟರು, ಚಿಲ್ಲರೆ ಸಮೇತ.
ಮೆಟ್ಟಿಲಿಳಿದು ಒಮ್ಮೆ ತಿರುಗಿದರು,
ಹಿಂದೆ ಕಲ್ಲು ಓಡುತ್ತಿತ್ತು.
ಬರ್ತೀನಿ ಅಂದರೋ,
ಮರ್ತುಬಿಡು ಅಂದರೋ.
ತಲೆಯಾಡಿಸಿದೆ.