ಎರಡು ಬಾಟಲಿ ಕಾಚಂಪುಳಿ

ವಿರಾಜಪೇಟೆಯಲ್ಲಿ ಟೈರಿನಂಗಡಿಯ ಮೇಲೆ ಎರಡು ಕೋಣೆ.
ಮದುವೆಯಾಗಿ ಆರನೇ ತಿಂಗಳು.
ಅಡುಗೆಕಟ್ಟೆಯ ಮೇಲೆ ಎರಡು ಬಾಟಲಿ ಕಾಚಂಪುಳಿ:
ಒಂದು ನಾಪೋಕ್ಲಿನಿಂದ ನನ್ನವ್ವ ಕಟ್ಟಿಕೊಟ್ಟದ್ದು,
ಇನ್ನೊಂದು ಹುದಿಕೇರಿಯಿಂದ ಅವನವ್ವ ಕಳಿಸಿದ್ದು.
ಎರಡೂ ಕಪ್ಪು. ಎರಡೂ ಹುಳಿ.
ಕಣ್ಣಿಗೆ ಬಟ್ಟೆ ಕಟ್ಟಿ ನಾಲಿಗೆಗೆ ಹಚ್ಚಿದರೆ
ಇಬ್ಬರೂ ಹೇಳಲಾರೆವು.
ಆದರೂ ಪಂದಿಕರಿಗೆ ಯಾವುದನ್ನು ಬಗ್ಗಿಸಿದೆ ಎಂದು
ಅವನು ಕೇಳುತ್ತಾನೆ, ಮೊದಲ ತುತ್ತಿಗೆ ಮುಂಚೆ.

ನಮ್ಮ ಮನೆಯಲ್ಲಿ ಜಗಳವೆಂದರೆ ಜಗಳ.
ಅಪ್ಪ ಅಂಗಳದಿಂದ, ಅವ್ವ ಒಲೆಯ ಮುಂದಿನಿಂದ,
ನಡುವೆ ನಾಯಿಯದೂ ಒಂದು ಮಾತು.
ಕಡಂಬಿಟ್ಟು ಬೇಯುವಷ್ಟರಲ್ಲಿ ಎಲ್ಲ ಮುಗಿದು
ಉಪ್ಪು ಕಮ್ಮಿ ಎನ್ನುತ್ತ ಉಣ್ಣುತ್ತಿದ್ದರು.
ಇವನ ಮನೆಯಲ್ಲಿ ಜಗಳವೇ ಇಲ್ಲ.
ಹೆಣ್ಣು ಕೇಳಲು ಬಂದವರು ಹಾಗೆಂದೇ ಹೇಳಿದ್ದರು:
"ಆ ಒಕ್ಕದಲ್ಲಿ ದನಿ ಎತ್ತಿದ್ದು ಯಾರೂ ಕೇಳಿಲ್ಲ."
ಅವ್ವ ಖುಷಿಪಟ್ಟಳು. ನಾನೂ.

ಯಾರೂ ಕೇಳದ ಆ ದನಿ ನನಗೆ ಕೇಳಿದ್ದು ಜೂನಿನಲ್ಲಿ.
ಗ್ಯಾಸಿನ ದುಡ್ಡಿಗೋ, ಅವನಕ್ಕನ ಮಗುವಿನ ನಾಮಕರಣಕ್ಕೋ,
ಈಗ ನೆನಪಿಲ್ಲ,
ಅವನು ಮಾತು ಬಿಟ್ಟ.
ಬಾಗಿಲು ಬಡಿಯಲಿಲ್ಲ. ತಟ್ಟೆ ತೊಳೆದಿಟ್ಟ.
ನನ್ನ ಬಟ್ಟೆಯನ್ನೂ ಮಡಚಿಟ್ಟ, ಅಂಚಿಗೆ ಅಂಚು ಸೇರಿಸಿ.
ಒಂಬತ್ತು ದಿನ.
ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು
ಮಂಚದ ಕಾಲಿನ ತನಕ ಬರುತ್ತಿತ್ತು.
ನಾನು ಕೂಗಿದೆ, ಸೊಂಟಕ್ಕೆ ಕೈಯಿಟ್ಟು;
ಅವ್ವನ ಮಾತೇ, ಅವ್ವನ ಗಾದೆಯೇ.
ಅವನು ಕಿಟಕಿಯ ಕಡೆ ತಿರುಗಿದ. ಅವನಪ್ಪನ ಬೆನ್ನು.
ಇಬ್ಬರಿಗೆಂದು ಕೊಂಡ ಮಂಚ
ಅಂದು ರಾತ್ರಿ ಇಕ್ಕಟ್ಟಾಯಿತು.

ಹತ್ತನೆಯ ದಿನ ಮಾವ ಬಂದರು, ಒಬ್ಬರೇ.
ಕರಿಮೆಣಸು ಮಾರಲು ಪೇಟೆಗೆ ಬಂದವರು.
ಕಾಫಿ ಕುಡಿದು ಲೋಟ ತಾವೇ ತೊಳೆದರು.
ನಲ್ಲಿ ನಿಲ್ಲಿಸದೆ, ನನ್ನ ಕಡೆ ನೋಡದೆ,
"ಎಷ್ಟು ದಿನವಾಯಿತು?"
"ಒಂಬತ್ತು."
ತಲೆಯಾಡಿಸಿದರು, ಪಕ್ಕದ ತೋಟದ ಮಳೆಯ ಲೆಕ್ಕ ಕೇಳಿದ ಹಾಗೆ.
"ನನ್ನದು ಒಮ್ಮೆ ಕೊಯ್ಲಿನಿಂದ ಕೊಯ್ಲಿಗೆ ಹೋಗಿತ್ತು.
ನಿನ್ನತ್ತೆ ಬೈಯುತ್ತಾಳೆಂದು ಕಾದೆ.
ಒಳ್ಳೆಯ ಮನೆಯಿಂದ ಬಂದವಳು. ಬೈಯಲಿಲ್ಲ."
ನಲ್ಲಿ ನಿಲ್ಲಿಸಿದರು.
"ನೀನು ಬೈಯುವುದು ಬಿಡಬೇಡ.
ನಿನ್ನವ್ವನ ಬೈಗುಳ ಬೇಡ, ಅದು ಅವನಿಗೆ ತಿಳಿಯದು.
ನಿನ್ನದೇ ಒಂದು ಇರಬೇಕಲ್ಲ."
ಟೋಪಿ ಇಟ್ಟುಕೊಂಡು ಬಸ್ಸಿಗೆ ನಡೆದರು,
ಮೆಣಸಿನ ಬಿಲ್ಲು ಮೇಜಿನ ಮೇಲೇ ಮರೆತು.

ಸಂಜೆ ಅವನು ಬೂಟು ಬಿಚ್ಚುತ್ತಿದ್ದ.
ನನ್ನದು ಯಾವುದು? ಹುಡುಕಿದೆ.
ಬಾಯಿಗೆ ಬಂದದ್ದೆಲ್ಲ ನಾಪೋಕ್ಲಿನದು.
ಕೊನೆಗೆ ಹೇಳಿದ್ದು ಬೈಗುಳವೇ ಆಗಿರಲಿಲ್ಲ:
"ಮೊಣ್ಣಪ್ಪ, ಯಾವ ಬಾಟಲಿ ಯಾರದೆಂದು ನನಗೇ ಮರೆತುಹೋಗಿದೆ."
ಒಂದೇ ಬೂಟಿನಲ್ಲಿ ಎದ್ದು ಬಂದ.
ಎರಡನ್ನೂ ಬೆಳಕಿಗೆ ಹಿಡಿದ,
ಮುಚ್ಚಳ ತೆಗೆದು ಮೂಸಿದ.
"ಗೊತ್ತಾಗುತ್ತಿಲ್ಲ" ಅಂದ.
ಗಂಟಲು ತುಕ್ಕು ಹಿಡಿದಿತ್ತು.

ಸರಿಹೋಯಿತೆಂದಲ್ಲ.
ಆಗಸ್ಟಿನಲ್ಲಿ ಮತ್ತೆ. ಎಣಿಸಿದೆ: ಮೂರು ದಿನ.
ಮಾವನ ಬಿಲ್ಲು ಬಾಟಲಿಗಳ ಅಡಿಯಲ್ಲಿದೆ,
ಎರಡು ಕಪ್ಪು ಉಂಗುರ ಮೂಡಿದೆ ಅದರ ಮೇಲೆ.
ಕೇಳಲು ಅವರು ಇನ್ನೂ ಬಂದಿಲ್ಲ.